ಕಂಡಷ್ಟರಲ್ಲಿ ನಿಲ್ಲಬೇಕು

ಕೇಳುಗರಿಗೆಲ್ಲ ನಮಸ್ಕಾರ.

ಇವತ್ತು ನನಗೆ ಕೊಟ್ಟಿರುವ ವಿಷಯ ಸ್ಪೀಡ್ ಕ್ಯಾಮೆರಾ, ಅದರ ಜೊತೆಗೆ ಚೆಂದದ ರಸ್ತೆಗಳಲ್ಲಿ ಜೋರಾಗಿ ಗಾಡಿ ಓಡಿಸುವ ಚಟ. ಗುಡ್ಡವನ್ನು ಸುತ್ತಿ ಹತ್ತುವ ರಸ್ತೆ, ಕಾಡಿನ ನಡುವಿನ ರಸ್ತೆ, ಒಂದು ಕಡೆ ನೀರು ಇನ್ನೊಂದು ಕಡೆ ಬಂಡೆ ಇರುವ ರಸ್ತೆ. ಇಂಥ ಕಡೆ ಊರು ಸೇರುವ ಅವಸರಕ್ಕೆ ಯಾರೂ ಹೋಗೋದಿಲ್ಲ. ಓಡಿಸುವ ಖುಷಿಗೇ ಹೋಗುತ್ತಾರೆ. ಆ ಖುಷಿ ನನಗೂ ಗೊತ್ತು. ಸರಿಯಾದ ಗೇರಿನಲ್ಲಿ ತಿರುವಿಗೆ ಬಂದು, ನಯವಾಗಿ ತಿರುಗಿಸಿ, ಮುಂದಿನ ತಿರುವಿಗೆ ಸಿದ್ಧವಾಗೋದರಲ್ಲಿ ಒಂದು ಮಜಾ ಇದೆ. ಇಲ್ಲ ಅಂದರೆ ನೀವು ನನ್ನನ್ನು ನಂಬೋದೂ ಇಲ್ಲ.

ನಾನು ಇವತ್ತು ಹೇಳುವುದು ಒಂದೇ ಮಾತು. ಕಣ್ಣಿಗೆ ಎಷ್ಟು ರಸ್ತೆ ಕಾಣುತ್ತದೋ ಅಷ್ಟರೊಳಗೆ ನಿಮ್ಮ ಗಾಡಿ ನಿಲ್ಲಬೇಕು. ಇದನ್ನು ಇನ್ನೂ ನಾಲ್ಕೈದು ಸಲ ಹೇಳುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ.

ಗಾಡಿ ನಿಲ್ಲೋಕೆ ಎಷ್ಟು ಜಾಗ ಬೇಕು? ಬ್ರೇಕ್ ಒತ್ತಿದ ಕೂಡಲೇ ನಿಲ್ಲುತ್ತದೆ ಅಂತ ಎಲ್ಲರ ಲೆಕ್ಕ. ಎದುರಿಗೆ ಏನೋ ಇದೆ ಅಂತ ಕಣ್ಣಿಗೆ ಕಾಣಬೇಕು, ಅದೇನು ಅಂತ ತಲೆಗೆ ಹೊಳೆಯಬೇಕು, ಕಾಲು ಬ್ರೇಕಿಗೆ ಹೋಗಬೇಕು. ಇಷ್ಟಕ್ಕೆ ಸುಮಾರು ಒಂದೂವರೆ ಸೆಕೆಂಡ್ ಬೇಕು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಆ ಒಂದೂವರೆ ಸೆಕೆಂಡಿನಲ್ಲಿ ಗಾಡಿ 25 ಮೀಟರ್ ಮುಂದೆ ಹೋಗಿರುತ್ತದೆ. ಬ್ರೇಕ್ ಇನ್ನೂ ಹಿಡಿದೇ ಇಲ್ಲ! ಹಿಡಿದ ಮೇಲೆ, ಒಣ ರಸ್ತೆ, ಒಳ್ಳೆ ಟೈರು ಅಂತ ಇಟ್ಟುಕೊಂಡರೂ ಇನ್ನೊಂದು 20 ಮೀಟರ್ ಬೇಕು. ಒಟ್ಟು 45 ಮೀಟರ್.

ಈಗ ಅದೇ ರಸ್ತೆಯಲ್ಲಿ ಇನ್ನೊಬ್ಬರು 80ರಲ್ಲಿ ಬರುತ್ತಿದ್ದಾರೆ ಅನ್ನಿ. ಅಂಥದೇ ಗಾಡಿ, ಅಂಥದೇ ಬ್ರೇಕ್. ಇಬ್ಬರಿಗೂ ಒಂದೇ ಜಾಗದಲ್ಲಿ ಅಡ್ಡ ನಿಂತ ದನ ಕಂಡಿತು. 60ರಲ್ಲಿ ಇದ್ದವರು 45ನೇ ಮೀಟರಿಗೆ ನಿಂತರು. 80ರಲ್ಲಿ ಬಂದವರ ಗಾಡಿ ಅದೇ 45ನೇ ಮೀಟರಿನಲ್ಲಿ ಎಷ್ಟು ವೇಗದಲ್ಲಿ ಇರುತ್ತದೆ, ಸುಮ್ನೆ ಒಂದು ಅಂದಾಜು ಹೇಳಿ ನೋಡೋಣ. 20 ಜಾಸ್ತಿ ಇತ್ತು, ಹಾಗಾಗಿ 20 ಅಂತ ಸುಮಾರು ಜನ ಹೇಳುತ್ತಾರೆ. ಅಲ್ಲ. ಅದು ಆಗಲೂ ಗಂಟೆಗೆ 65ರ ಆಸುಪಾಸಿನಲ್ಲಿ ಇರುತ್ತದೆ. ಒಬ್ಬರು ನಿಂತು ಉಸಿರು ಬಿಟ್ಟ ಜಾಗದಲ್ಲಿ ಇನ್ನೊಬ್ಬರು 65ರಲ್ಲಿ ಹೋಗಿ ಗುದ್ದುತ್ತಾರೆ. ಮೊದಲ 33 ಮೀಟರು ಯೋಚನೆಗೇ ಹೋಯಿತು, ಬ್ರೇಕಿಗೆ ಸಿಕ್ಕಿದ್ದು ಬರೀ 12 ಮೀಟರು. ಅದೂ ಅಲ್ಲದೆ ವೇಗ ಏರಿದಂತೆ ಗಾಡಿಯ ಶಕ್ತಿ ಆ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. ವೇಗ ಎರಡರಷ್ಟಾದರೆ ಶಕ್ತಿ ನಾಲ್ಕರಷ್ಟು. ಬ್ರೇಕು ಅದನ್ನೆಲ್ಲ ಕರಗಿಸಬೇಕು.

ಇಷ್ಟೆಲ್ಲ ಮಾಡಿ ಉಳಿಸಿದ ಸಮಯ ಎಷ್ಟು ಗೊತ್ತಾ? 20 ಕಿಲೋಮೀಟರಿಗೆ ಐದು ನಿಮಿಷ. ಅದೂ ರಸ್ತೆ ನೇರವಾಗಿ, ಖಾಲಿಯಾಗಿ ಇದ್ದರೆ. ಘಾಟಿಯಲ್ಲಿ ಅಷ್ಟೂ ಸಿಗೋದಿಲ್ಲ.

ಘಾಟಿ ಅಂದೆ, ಅಲ್ಲಿಗೇ ಬರೋಣ. ಒಳಗಡೆಗೆ ಗುಡ್ಡ ಕಡಿದು ಮಾಡಿದ ಒಂದು ತಿರುವು. ತಿರುವಿನ ತ್ರಿಜ್ಯ 50 ಮೀಟರ್, ನೀವು ಗುಡ್ಡದ ಗೋಡೆಯಿಂದ ನಾಲ್ಕು ಮೀಟರ್ ದೂರದಲ್ಲಿ ಹೋಗುತ್ತಿದ್ದೀರಿ. ನಿಮಗೆ ಮುಂದಿನ ರಸ್ತೆ ಎಷ್ಟು ಕಾಣುತ್ತದೆ? ಹೆಚ್ಚು ಕಮ್ಮಿ 40 ಮೀಟರ್, ಅಷ್ಟೇ. ಅದರಾಚೆ ಬಂಡೆ ಅಡ್ಡ ಬರುತ್ತದೆ. 60ರಲ್ಲಿ ನಿಲ್ಲೋಕೆ ಎಷ್ಟು ಬೇಕು ಅಂತ ಈಗಷ್ಟೇ ಹೇಳಿದೆ, 45. ಐದು ಮೀಟರ್ ಕಡಿಮೆ ಬಿತ್ತು ನೋಡಿ. 50ರಲ್ಲಿ ಬಂದರೆ 35 ಮೀಟರಿನಲ್ಲಿ ನಿಲ್ಲಬಹುದು. ಅಲ್ಲಿಗೆ ಆ ತಿರುವಿನ ವೇಗ 50, ಬೋರ್ಡಿನ ಮೇಲೆ 60 ಅಂತ ಬರೆದಿದ್ದರೂ. ಬೋರ್ಡು ಇದಕ್ಕಿಂತ ಜಾಸ್ತಿ ಬೇಡ ಅಂತ ಹೇಳುತ್ತದೆ, ಇಷ್ಟೇ ವೇಗದಲ್ಲಿ ಬನ್ನಿ ಅಂತ ಕರೆಯೋದಿಲ್ಲ. ಮಳೆ ಬಿದ್ದಿದ್ದರೆ, ಎಲೆ ಉದುರಿದ್ದರೆ, ಜಲ್ಲಿ ಚೆಲ್ಲಿದ್ದರೆ ಇನ್ನೂ ಇಳಿಸಬೇಕು. ಒಂದೇ ಗಾಡಿ ಹಿಡಿಸುವ ಸಪೂರ ರಸ್ತೆಯಾದರೆ ಕಂಡದ್ದರ ಅರ್ಧದಲ್ಲಿ ನಿಲ್ಲಬೇಕು, ಯಾಕೆಂದರೆ ಉಳಿದರ್ಧ ಎದುರಿನಿಂದ ಬರುವವರಿಗೆ.

ಈ ರಸ್ತೆಗಳ ಚೆಂದವೇ ತೊಂದರೆ ಕೂಡ. ಕಣಿವೆ ಕಡೆ ಎರಡು ಸೆಕೆಂಡ್ ಕಣ್ಣು ಹಾಯಿಸಿದರೆ, 60ರಲ್ಲಿ 33 ಮೀಟರ್ ಕಣ್ಣು ಮುಚ್ಚಿಕೊಂಡು ಹೋದ ಹಾಗೆ. ಎದುರಿನವರೂ ಅದನ್ನೇ ಮಾಡುತ್ತಿರುತ್ತಾರೆ. ಫೋಟೋಗೆ ಅಂತ ತಿರುವಿನಲ್ಲೇ ಗಾಡಿ ನಿಲ್ಲಿಸಿ ಬಾಗಿಲು ತೆಗೆಯುವ ಮಹಾನುಭಾವರೂ ಇದ್ದಾರೆ. ತಪ್ಪು ಅವರದೇ, ಒಪ್ಪಿಕೊಂಡೆ. ಆದರೂ ಕಂಡಷ್ಟರಲ್ಲಿ ನಿಲ್ಲಬೇಕಾದವರು ನೀವೇ.

ಸರಿ, ಕ್ಯಾಮೆರಾ. ನನಗೆ ಯಾವಾಗಲೂ ಬರುವ ಮೊದಲ ದೂರು, ಇದೆಲ್ಲ ದುಡ್ಡು ಹೊಡೆಯೋಕೆ ಇಟ್ಟಿದ್ದು ಅಂತ. ಎರಡನೇ ದೂರು, ಗಾಡಿ ಓಡಿಸುವ ಗಮ್ಮತ್ತು ಗೊತ್ತಿಲ್ಲದವರು ಆಫೀಸಿನಲ್ಲಿ ಕೂತು ಇದನ್ನು ಕಂಡುಹಿಡಿದರು ಅಂತ. ಈ ಎರಡನೇ ದೂರಿಗೆ ನನ್ನ ಹತ್ತಿರ ಒಂದು ಕಥೆ ಇದೆ. ನನಗೆ ತುಂಬಾ ಇಷ್ಟವಾದ ಕಥೆ, ಹಾಗಾಗಿ ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ.

ಮಾರಿಸ್ ಗ್ಯಾಟ್ಸೊನಿಡೀಸ್ ಅಂತ ಒಬ್ಬರು ಡಚ್ಚರು. 1911ರಲ್ಲಿ ಜಾವಾ ದ್ವೀಪದಲ್ಲಿ ಹುಟ್ಟಿದವರು. ಕಾರ್ ರೇಸ್ ಅಂದರೆ ಪ್ರಾಣ. ಎರಡನೇ ಮಹಾಯುದ್ಧ ಮುಗಿದ ಮೇಲೆ ತಮ್ಮದೇ ಹೆಸರಿನ ಕೆಲವು ಕಾರುಗಳನ್ನೂ ಮಾಡಿದರು. ವ್ಯಾಪಾರ ಕೈಗೂಡಲಿಲ್ಲ, ಓಡಿಸುವ ಹುಚ್ಚು ಮಾತ್ರ ಬಿಡಲಿಲ್ಲ. 1953ರಲ್ಲಿ ಮಾಂಟೆ ಕಾರ್ಲೊ ರ್‍ಯಾಲಿ ಗೆದ್ದರು. ಯುರೋಪಿನ ದೊಡ್ಡ ಹೆಸರಿನ ರ್‍ಯಾಲಿ ಅದು. ಚಳಿಗಾಲ, ಹಿಮ, ಬೆಟ್ಟದ ಕಿರಿದಾದ ದಾರಿಗಳು. ಅವರು ಗೆದ್ದದ್ದು ಯಾವುದೋ ರೇಸ್ ಕಾರಿನಲ್ಲಿ ಅಂದುಕೊಳ್ಳಬೇಡಿ. ಫೋರ್ಡ್ ಜೆಫರ್, ಸಂಸಾರಸ್ಥರು ಕೊಳ್ಳುತ್ತಿದ್ದ ಕಾರು.

ಈ ಮನುಷ್ಯನಿಗೆ ಒಂದೇ ಕೊರಗು. ತಿರುವಿನಲ್ಲಿ ನಾನು ನಿಜವಾಗಿ ಎಷ್ಟು ವೇಗವಾಗಿ ಹೋಗುತ್ತಿದ್ದೇನೆ? ಇನ್ನೂ ಸ್ವಲ್ಪ ಏರಿಸಬಹುದಾ? ಸೀಟಿನಲ್ಲಿ ಕೂತವರಿಗೆ ಅನಿಸೋದು ಒಂದು, ಆಗೋದು ಇನ್ನೊಂದು. ಟೈರು ಕಿರುಚಿದರೆ, ಗಾಡಿ ವಾಲಿದರೆ ಜೋರಾಗಿ ಹೋದೆ ಅನಿಸುತ್ತದೆ. ಹಾಗೆ ಅನಿಸಿದ ಮಾತ್ರಕ್ಕೆ ಜೋರಾಗಿ ಹೋದಂತಲ್ಲ. ಅದಕ್ಕೆ ಅವರು ಒಂದು ಉಪಾಯ ಮಾಡಿದರು. ರಸ್ತೆಗೆ ಅಡ್ಡಲಾಗಿ ಎರಡು ಪಟ್ಟಿ ಹಾಸಿದರು. ಎರಡರ ನಡುವಿನ ದೂರ ಮೊದಲೇ ಅಳೆದಿಟ್ಟದ್ದು. ಚಕ್ರ ಮೊದಲ ಪಟ್ಟಿ ಹತ್ತಿದಾಗ ಗಡಿಯಾರ ಶುರು, ಎರಡನೆಯದನ್ನು ಹತ್ತಿದಾಗ ನಿಂತಿತು. ದೂರ ಗೊತ್ತು, ಸಮಯ ಗೊತ್ತು, ಭಾಗಿಸಿದರೆ ವೇಗ ಸಿಕ್ಕಿತು. ಆಮೇಲೆ ಅದಕ್ಕೊಂದು ಕ್ಯಾಮೆರಾ ಸೇರಿಕೊಂಡಿತು, ಕತ್ತಲಿಗೆ ಫ್ಲ್ಯಾಷ್ ಕೂಡ ಬಂತು. 1958ರಲ್ಲಿ ಗ್ಯಾಟ್ಸೊಮೀಟರ್ ಅಂತ ಕಂಪನಿಯನ್ನೇ ಕಟ್ಟಿದರು. ಕೊಳ್ಳಲು ಬಂದವರು ಪೊಲೀಸರು.

ಗಮನಿಸಿದಿರಾ? ಸ್ಪೀಡ್ ಕ್ಯಾಮೆರಾ ಹುಟ್ಟಿದ್ದೇ ಒಬ್ಬ ರೇಸ್ ಹುಚ್ಚನ ಕೈಯಲ್ಲಿ, ಇನ್ನೂ ಜೋರಾಗಿ ಹೋಗಬೇಕು ಅನ್ನುವ ಆಸೆಗೆ! ಬ್ರಿಟನ್ನಿನಲ್ಲಿ ಇವತ್ತಿಗೂ ರಸ್ತೆ ಬದಿಯ ಕ್ಯಾಮೆರಾ ಯಾವುದೇ ಇರಲಿ, ಎಷ್ಟೋ ಜನ ಅದನ್ನು ಗ್ಯಾಟ್ಸೊ ಅಂತಲೇ ಕರೆಯುತ್ತಾರೆ. ರೇಸ್ ಗೆದ್ದು ಪಡೆದ ಹೆಸರು ಮರೆತೇ ಹೋಯಿತು. ಬೈಗುಳದ ಜೊತೆ ಬಂದ ಹೆಸರು ಮಾತ್ರ ಉಳಿಯಿತು, ಪಾಪ.

ಪಟ್ಟಿ ಹೋಗಿ ರೇಡಾರ್ ಬಂದ ಮೇಲೆ ಅವರ ಕಂಪನಿಯ ಕ್ಯಾಮೆರಾ ಹೇಗೆ ಕೆಲಸ ಮಾಡುತ್ತಿತ್ತು ಅಂತಲೂ ಹೇಳಿಬಿಡುತ್ತೇನೆ. ಪೆಟ್ಟಿಗೆಯಿಂದ ಹೊರಟ ಅಲೆ ಗಾಡಿಗೆ ಬಡಿದು ವಾಪಸ್ ಬರುತ್ತದೆ. ಗಾಡಿ ಓಡುತ್ತಿದ್ದರೆ ಆ ಅಲೆಯ ಕಂಪನ ಸ್ವಲ್ಪ ಬದಲಾಗಿರುತ್ತದೆ. ಬದಲಾವಣೆ ಎಷ್ಟು ಅನ್ನುವುದರಿಂದ ವೇಗ ಗೊತ್ತಾಗುತ್ತದೆ. ಮಿತಿ ಮೀರಿದರೆ ಅರ್ಧ ಸೆಕೆಂಡಿನ ಅಂತರದಲ್ಲಿ ಎರಡು ಫೋಟೋ. ರಸ್ತೆಯ ಮೇಲೆ ಬಿಳಿ ಗೆರೆಗಳನ್ನು ಸಾಲಾಗಿ ಎಳೆದಿರುತ್ತಾರೆ ನೋಡಿ, ಅದು ಇದಕ್ಕೇ. ಅರ್ಧ ಸೆಕೆಂಡಿನಲ್ಲಿ 60ರ ಗಾಡಿ ಎಂಟು ಮೀಟರಿಗಿಂತ ತುಸು ಜಾಸ್ತಿ ಹೋಗುತ್ತದೆ, 90ರ ಗಾಡಿ ಹನ್ನೆರಡೂವರೆ. ಎಷ್ಟು ಗೆರೆ ದಾಟಿತು ಅಂತ ಫೋಟೋದಲ್ಲಿ ಯಾರು ಬೇಕಾದರೂ ಎಣಿಸಬಹುದು. ರೇಡಾರ್ ತಪ್ಪು ಹೇಳಿತು ಅಂತ ವಾದ ಮಾಡುವವರಿಗೆ ಗೆರೆಗಳೇ ಉತ್ತರ. ಫೋಟೋವನ್ನು ಹಿಂದಿನಿಂದ ತೆಗೆಯುತ್ತಿದ್ದರು, ಫ್ಲ್ಯಾಷ್ ಓಡಿಸುವವರ ಕಣ್ಣಿಗೆ ಹೊಡೆಯಬಾರದು ಅಂತ. ಎಷ್ಟು ಚೆನ್ನಾಗಿ ಯೋಚನೆ ಮಾಡಿದ್ದಾರೆ, ಅಲ್ವಾ?

ಕಥೆ ಉದ್ದವಾಯಿತು. ಉಳಿದದ್ದನ್ನು ಬೇಗ ಹೇಳಬೇಕು.

ಒಂದೇ ಜಾಗದ ಕ್ಯಾಮೆರಾಗೆ ಒಂದು ದೋಷ ಇದೆ. ಜನ ಅದರ ಮುಂದೆ ಬ್ರೇಕ್ ಹಾಕುತ್ತಾರೆ, ದಾಟಿದ ಕೂಡಲೇ ಒತ್ತುತ್ತಾರೆ. ನೇರ ರಸ್ತೆಯಲ್ಲಿ ಅದನ್ನು ಹೇಗೋ ಸಹಿಸಬಹುದು. ತಿರುವುಗಳ ರಸ್ತೆಯಲ್ಲಿ ಅಪಾಯ ಒಂದು ಕಂಬದ ಹತ್ತಿರ ಇರೋದಿಲ್ಲ, ಅಷ್ಟೂ ಉದ್ದಕ್ಕೆ ಇರುತ್ತದೆ. ಇಂಥ ಕಡೆ ಸರಾಸರಿ ವೇಗದ ಕ್ಯಾಮೆರಾ ಬೇಕು. ರಸ್ತೆ ಶುರುವಾಗುವಲ್ಲಿ ಒಂದು ಕ್ಯಾಮೆರಾ ನಂಬರ್ ಪ್ಲೇಟ್ ಓದಿ ಸಮಯ ಬರೆದುಕೊಳ್ಳುತ್ತದೆ, ಮುಗಿಯುವಲ್ಲಿ ಇನ್ನೊಂದು. 10 ಕಿಲೋಮೀಟರನ್ನು 60ರ ಮಿತಿಯಲ್ಲಿ ದಾಟೋಕೆ 10 ನಿಮಿಷ ಬೇಕು. ನೀವು 7 ನಿಮಿಷಕ್ಕೆ ಬಂದಿರಿ ಅಂದರೆ ಬೇರೆ ಸಾಕ್ಷಿಯೇ ಬೇಡ. ಇಂಗ್ಲೆಂಡಿನಲ್ಲಿ ಮ್ಯಾಕಲ್ಸ್‌ಫೀಲ್ಡ್ ಮತ್ತು ಬಕ್ಸ್‌ಟನ್ ನಡುವೆ ಕ್ಯಾಟ್ ಆಂಡ್ ಫಿಡಲ್ ಅನ್ನುವ ಗುಡ್ಡದ ರಸ್ತೆ ಇದೆ. ಬೈಕ್ ಓಡಿಸುವವರಿಗೆ ಅಚ್ಚುಮೆಚ್ಚು, ಅಪಘಾತಕ್ಕೂ ಅಷ್ಟೇ ಹೆಸರುವಾಸಿ. ಅಲ್ಲಿ 2010ರಲ್ಲಿ ಇದನ್ನೇ ಮಾಡಿದರು.

ಇದಕ್ಕೂ ದಾರಿ ಹುಡುಕಿದವರು ಇದ್ದಾರೆ. ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವವರು. ಪೂರ್ತಿ ದಾರಿ ಹಾರಿಸಿಕೊಂಡು ಬಂದು, ಕೊನೆಯ ಕ್ಯಾಮೆರಾಗೆ ಸ್ವಲ್ಪ ಮುಂಚೆ ಪಕ್ಕಕ್ಕೆ ನಿಲ್ಲಿಸಿ, ಗಡಿಯಾರ ನೋಡುತ್ತಾ ಕೂರುತ್ತಾರೆ. ಸ್ವಾಮಿ, ಕೂರೋದೇ ಆದರೆ ಅಷ್ಟು ಜೋರಾಗಿ ಬಂದದ್ದು ಯಾಕೆ?

ದುಡ್ಡಿನ ದೂರಿಗೆ ಉತ್ತರ ಚಿಕ್ಕದು. 2010ರಲ್ಲಿ, ಆರೋಗ್ಯದ ಸಂಶೋಧನೆಗಳನ್ನು ಒಟ್ಟು ಸೇರಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ ಪರಿಶೀಲನೆ ಬಂತು. ಬೇರೆ ಬೇರೆ ದೇಶಗಳ 35 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಕ್ಯಾಮೆರಾ ಇಟ್ಟ ಜಾಗಗಳ ಹತ್ತಿರ ಅಪಘಾತ ಇಳಿದಿತ್ತು. ಕೆಲವು ಕಡೆ ನೂರಕ್ಕೆ 8, ಕೆಲವು ಕಡೆ 49ರವರೆಗೂ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಇನ್ನೂ ಸುಲಭ. ರಸ್ತೆಯ ಸರಾಸರಿ ವೇಗ ನೂರಕ್ಕೆ ಒಂದು ಏರಿದರೆ ಸಾವಿನ ಅಪಘಾತದ ಅಪಾಯ ನೂರಕ್ಕೆ ನಾಲ್ಕು ಏರುತ್ತದೆ. ದಂಡ ಕೊಡೋದು ಬೇಜಾರಾದರೆ ಕೊಡದೇ ಇರುವ ದಾರಿ ಇದ್ದೇ ಇದೆ. ಅದನ್ನು ನಾನು ಹೇಳಿಕೊಡಬೇಕಿಲ್ಲ.

ಇನ್ನು ಗಾಡಿಯಲ್ಲಿ ವೇಗ ತೋರಿಸುವ ಮೀಟರಿನ ವಿಷಯ. ನನ್ನ ಮೀಟರ್ 60 ತೋರಿಸುತ್ತಿತ್ತು, ಕ್ಯಾಮೆರಾ 68 ಅಂತ ಬರೆದಿದೆ ಅನ್ನುವವರಿಗೆ. ವಿಶ್ವಸಂಸ್ಥೆಯ ವಾಹನ ನಿಯಮಗಳಲ್ಲಿ 39ನೆಯದು ಇದಕ್ಕೇ ಇರೋದು. ಆ ನಿಯಮದಂತೆ ತಯಾರಾದ ಗಾಡಿಯ ಮೀಟರ್ ನಿಜವಾದ ವೇಗಕ್ಕಿಂತ ಜಾಸ್ತಿ ತೋರಿಸಬಹುದು, ಕಡಿಮೆ ತೋರಿಸುವ ಹಾಗಿಲ್ಲ. ಮೀಟರ್ 60 ಅಂದರೆ ನೀವು 60ರಲ್ಲೋ 56ರಲ್ಲೋ ಇರುತ್ತೀರಿ. 68ರಲ್ಲಿ ಇರೋದಿಲ್ಲ. ನಿಜವಾಗಿ 68ರಲ್ಲಿ ಇದ್ದಿದ್ದರೆ ಮೀಟರ್ 60 ತೋರಿಸುತ್ತಲೇ ಇರಲಿಲ್ಲ, ನೀವು ನೋಡಿರಲಿಲ್ಲ ಅಷ್ಟೇ.

ನಿಜವಾಗಿಯೂ ಜೋರಾಗಿ ಓಡಿಸಲೇಬೇಕು ಅನ್ನುವವರು ರೇಸ್ ಟ್ರ್ಯಾಕಿಗೆ ಹೋಗಿ. ತಮಾಷೆಗೆ ಹೇಳುತ್ತಿಲ್ಲ, ನಾನೇ ಕಳಿಸಿಕೊಡುತ್ತೇನೆ. ಅಲ್ಲಿ ಎದುರಿನಿಂದ ಯಾರೂ ಬರೋದಿಲ್ಲ. ಸೈಕಲ್ಲಿನಲ್ಲಿ ಮಗು ಬರೋದಿಲ್ಲ. ಜರ್ಮನಿಯ ನೂರ್‌ಬರ್ಗ್‌ರಿಂಗ್‌ನಲ್ಲಿ 20 ಕಿಲೋಮೀಟರಿಗೂ ಉದ್ದದ ಕಾಡಿನ ಟ್ರ್ಯಾಕ್ ಇದೆ, 1927ರಿಂದ. ದುಡ್ಡು ಕೊಟ್ಟು ನಮ್ಮ ನಿಮ್ಮಂಥವರೂ ಓಡಿಸಬಹುದು. ಅಲ್ಲಿಯೂ ಬೇಕಾದಷ್ಟು ಜನ ಗುದ್ದಿಕೊಳ್ಳುತ್ತಾರೆ, ಆದರೆ ಅಲ್ಲಿಗೆ ಬಂದವರೆಲ್ಲ ಅದು ಗೊತ್ತಿದ್ದೇ ಬಂದವರು.

ಕೊನೆಯದಾಗಿ, ನನಗೆ ಅತಿ ಹೆಚ್ಚು ಬರುವ ಪ್ರಶ್ನೆ. ನಾನು ಕಂಡಷ್ಟರಲ್ಲಿ ನಿಲ್ಲುವ ವೇಗದಲ್ಲೇ ಹೋಗುತ್ತೇನೆ, ಹಿಂದಿನವರು ಬಂಪರಿಗೆ ಅಂಟಿಕೊಂಡು ಹಾರನ್ ಹೊಡೆಯುತ್ತಾರೆ, ಏನು ಮಾಡಲಿ? ಅವರಿಗಾಗಿ ವೇಗ ಏರಿಸಬೇಡಿ. ಅವರಿಗೆ ಪಾಠ ಕಲಿಸೋಕೆ ಅಂತ ಬ್ರೇಕನ್ನೂ ಹಾಕಬೇಡಿ. ಮುಂದೆ ಅಗಲವಾದ ಜಾಗ ಸಿಕ್ಕಾಗ ಇಂಡಿಕೇಟರ್ ಹಾಕಿ, ಪಕ್ಕಕ್ಕೆ ನಿಲ್ಲಿಸಿ, ಅವರನ್ನು ಹೋಗೋಕೆ ಬಿಡಿ. ಕಣಿವೆಯನ್ನು ಆಗ ನೋಡಿಕೊಳ್ಳಿ, ಗಾಡಿ ನಿಂತಿರುತ್ತದಲ್ಲ.

ಯಾವ ಆಪ್ ಹಾಕಿಕೊಂಡರೆ ಕ್ಯಾಮೆರಾ ಎಲ್ಲಿದೆ ಅಂತ ಮೊದಲೇ ಗೊತ್ತಾಗುತ್ತದೆ ಅಂತಲೂ ಕೇಳುತ್ತಾರೆ. ಅದಕ್ಕೆ ನಾನು ಉತ್ತರ ಕೊಡೋದಿಲ್ಲ. ನಮಸ್ಕಾರ.