ಕೋಟಿ ರೂಪಾಯಿ ಗಾಡಿ, ಅರ್ಧ ಗೇಣು ರಬ್ಬರ್

ನಮಸ್ಕಾರ ಸ್ನೇಹಿತರೇ. ಕಳೆದ ವಾರದ ಲ್ಯಾಂಡ್ ರೋವರ್ ಡಿಫೆಂಡರ್ ಎಸ್‌ಯುವಿ ವಿಡಿಯೋದಲ್ಲಿ, ತಗೊಳ್ಳುವುದಾದರೆ ಚಿಕ್ಕ ರಿಮ್, ಅಂದರೆ ಟೈರ್ ಕೂರುವ ಲೋಹದ ಚಕ್ರ, ತಗೊಳ್ಳಿ ಎಂದು ಹೇಳಿದ್ದೆ. ಅದರ ಕೆಳಗೆ ಒಂದು ಕಾಮೆಂಟ್ ಬಂದಿದೆ. "ಕೋಟಿಗಟ್ಟಲೆ ಕೊಟ್ಟು ಟೆಂಪೋ ಚಕ್ರ ಹಾಕಿಸಿಕೊಳ್ಳಬೇಕಾ ಸಾರ್? 22 ಇಂಚು ಇಲ್ಲ ಅಂದ್ರೆ ಆ ಗಾಡಿಗೆ ಗತ್ತೇ ಇಲ್ಲ." ಸರಿ, ಒಬ್ಬರ ಅಭಿಪ್ರಾಯ ಅಂದುಕೊಂಡು ಬಿಡಬಹುದಿತ್ತು. ಆದರೆ ಅದಕ್ಕೆ ಬಿದ್ದಿರುವ ಲೈಕ್ ನೋಡಿ ನನಗೆ ನಿಜಕ್ಕೂ ಸಿಟ್ಟು ಬಂತು. ಇವತ್ತಿನ ವಿಷಯ ಅದೇ. ಎಂಜಿನ್ ಬಗ್ಗೆ ಮಾತಾಡುವುದಿಲ್ಲ. ಸ್ಕ್ರೀನ್ ಬಗ್ಗೆ ಮಾತಾಡುವುದಿಲ್ಲ. ಟೈರ್. ಬರೀ ಟೈರ್.

ಮೊದಲು ಲೆಕ್ಕ. ಟೈರಿನ ಪಕ್ಕದಲ್ಲಿ ಅಳತೆ ಬರೆದಿರುತ್ತದೆ. 22 ಇಂಚು ರಿಮ್ ಇರುವ ಡಿಫೆಂಡರ್‌ನಲ್ಲಿ 275/45 ಆರ್22 ಎಂದಿರುತ್ತದೆ. 275 ಅಂದರೆ ಟೈರಿನ ಅಗಲ, ಮಿಲಿಮೀಟರ್‌ನಲ್ಲಿ. 45 ಅಂದರೆ ಆ ಅಗಲದ ಶೇಕಡಾ 45 ಭಾಗ ಸೈಡ್‌ವಾಲ್. ಅಂದರೆ ರಿಮ್ಮಿನ ಅಂಚಿನಿಂದ ರಸ್ತೆಯವರೆಗೆ ಇರುವ ರಬ್ಬರ್. ಗುಣಿಸಿ ನೋಡಿ. ಸುಮಾರು 124 ಮಿಲಿಮೀಟರ್. ಅರ್ಧ ಗೇಣು. ಎರಡೂಕಾಲು ಟನ್ನಿಗೂ ಜಾಸ್ತಿ ತೂಗುವ ಗಾಡಿಗೂ ನಮ್ಮ ರಸ್ತೆಯ ಕಲ್ಲಿಗೂ ನಡುವೆ ಇರುವುದು ಅರ್ಧ ಗೇಣು ರಬ್ಬರ್ ಮಾತ್ರ.

ಅದೇ ಗಾಡಿಗೆ 20 ಇಂಚು ರಿಮ್ ಹಾಕಿದರೆ ಟೈರ್ 255/60. ಸೈಡ್‌ವಾಲ್ 153 ಮಿಲಿಮೀಟರ್. 18 ಇಂಚು ಹಾಕಿದರೆ 255/70, ಸುಮಾರು 178. ಈಗ ಮುಖ್ಯವಾದ ಮಾತು ಕೇಳಿ. ಈ ಮೂರೂ ಚಕ್ರಗಳ ಒಟ್ಟು ಎತ್ತರ ಹೆಚ್ಚುಕಡಿಮೆ ಒಂದೇ, 81 ಸೆಂಟಿಮೀಟರ್ ಆಸುಪಾಸು. ರಿಮ್ ದೊಡ್ಡದಾದರೆ ಗಾಡಿ ಎತ್ತರ ಆಗುವುದಿಲ್ಲ. ಚಕ್ರವೂ ದೊಡ್ಡದಾಗುವುದಿಲ್ಲ. ಲೋಹ ಜಾಸ್ತಿ ಆಗುತ್ತದೆ, ರಬ್ಬರ್ ಕಡಿಮೆ ಆಗುತ್ತದೆ, ಅಷ್ಟೇ. ಕಲ್ಲು ರಸ್ತೆಗೆಂದು ಗಾಡಿ ತಗೊಂಡು, ಕಲ್ಲಿಗೆ ಬೇಕಾದ ರಬ್ಬರನ್ನೇ ನೀವು ಕೈಯಾರೆ ಬಿಟ್ಟುಕೊಡುತ್ತಿದ್ದೀರಿ!

ಇನ್ನೊಂದು ಹೋಲಿಸಿ ನೋಡಿ. ಮಾರುತಿ ಜಿಮ್ನಿ ಇದೆಯಲ್ಲ, 2023ರಲ್ಲಿ ಬಂದದ್ದು. ಅದರ ಟೈರ್ 195/80 ಆರ್15. ಸೈಡ್‌ವಾಲ್ 156 ಮಿಲಿಮೀಟರ್. ತೂಕ 1200 ಕೆಜಿ ಆಸುಪಾಸು. ಡಿಫೆಂಡರ್‌ನ ಹೆಚ್ಚುಕಡಿಮೆ ಅರ್ಧ ತೂಕದ ಗಾಡಿಗೆ, ನಿಮ್ಮ 22 ಇಂಚಿನ ಡಿಫೆಂಡರ್‌ಗಿಂತ ಜಾಸ್ತಿ ರಬ್ಬರ್ ಇದೆ. 2020ರ ಮಹೀಂದ್ರ ಥಾರ್‌ನ ಕಡಿಮೆ ಬೆಲೆಯ ಮಾಡೆಲ್‌ನಲ್ಲಿ 245/75 ಆರ್16 ಬರುತ್ತಿತ್ತು. 184 ಮಿಲಿಮೀಟರ್. ಕರ್ನಾಟಕದಲ್ಲಿ 20 ಲಕ್ಷ ದಾಟಿದ ಗಾಡಿಗೆ ಲೈಫ್‌ಟೈಮ್ ಟ್ಯಾಕ್ಸ್ ಶೇಕಡಾ 18, ಅದರ ಮೇಲೆ ಸೆಸ್ ಬೇರೆ. ಕೋಟಿ ರೂಪಾಯಿ ಗಾಡಿಗೆ ನೀವು ಕಟ್ಟುವ ಆ ಟ್ಯಾಕ್ಸ್ ದುಡ್ಡಲ್ಲೇ ಒಂದು ಜಿಮ್ನಿ ಬರುತ್ತದೆ. ಅಷ್ಟು ದುಡ್ಡು ಸುರಿದ ಮೇಲೆ ಟೈರಿನಲ್ಲಿ ಜಿಮ್ನಿಗಿಂತ ಹಿಂದೆ ಉಳಿಯುವುದು ಯಾಕೆ?

ಗಾಡಿಯ ಮೇಲೆ ನನಗೆ ಬೇಸರ ಇಲ್ಲ, ಅದನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಡಿಫೆಂಡರ್ ಅಂದರೆ ನನಗೆ ಪ್ರಾಣ. 2019ರಲ್ಲಿ ಫ್ರಾಂಕ್‌ಫರ್ಟ್ ಮೋಟಾರ್ ಶೋದಲ್ಲಿ ಹೊಸದನ್ನು ತೋರಿಸಿದರು, 2020ರ ಅಕ್ಟೋಬರ್‌ನಲ್ಲಿ ನಮ್ಮ ದೇಶಕ್ಕೆ ಬಂತು. ಹಳೆಯ ಅಭಿಮಾನಿಗಳು ಬೇರೆ ಚಾಸಿ ಇಲ್ಲ, ಚಾಸಿ ಬಾಡಿ ಎರಡೂ ಒಂದೇ ಆದ ಮೊನೊಕಾಕ್, ಇದು ಡಿಫೆಂಡರೇ ಅಲ್ಲ ಎಂದು ಗಲಾಟೆ ಮಾಡಿದರು. ಓಡಿಸಿದ ಮೇಲೆ ಅವರಲ್ಲೇ ಎಷ್ಟೋ ಜನ ಸುಮ್ಮನಾದರು. ಅದರ ಡೀಸೆಲ್ ಸಿಕ್ಸ್ ಸಿಲಿಂಡರ್ ಎಂಜಿನ್, ಅದರ ಎಳೆತ, ಶಿರಾಡಿ ಘಾಟಿ ಹತ್ತುವಾಗ ಕಾಲು ಒತ್ತಿದ್ದೇ ಗೊತ್ತಾಗುವುದಿಲ್ಲ. ಮಾಲೀಕರು ನನ್ನ ಹತ್ತಿರ ಹೊಗಳುವುದೂ ಅದನ್ನೇ. ಎತ್ತರದ ಸೀಟು, ಸುತ್ತ ಕಾಣುವ ರಸ್ತೆ, ಮಂಗಳೂರಿಗೆ ಹೋಗಿ ಇಳಿದರೂ ಬೆನ್ನು ನೋಯುವುದಿಲ್ಲ. ಬೈಯುವುದು ಏನನ್ನು? ಡೆಲಿವರಿಗೆ ಕಾಯುವುದನ್ನು. ಬಿಡಿಭಾಗಕ್ಕೆ ಕಾಯುವುದನ್ನು. ಆಮೇಲೆ ಟೈರ್. ಮೂರನೇ ಮಾತು ಯಾವಾಗಲೂ ಟೈರ್!

ಸಕಲೇಶಪುರದ ಒಬ್ಬ ತೋಟದ ಮಾಲೀಕರು ಫೋನ್ ಮಾಡಿ ಹೇಳಿದ್ದು ಕೇಳಿ. ಅವರದು ಬೇರೆ ಕಂಪನಿಯ ದೊಡ್ಡ ಎಸ್‌ಯುವಿ, ಸಮಸ್ಯೆ ಇದೇ. ಮಳೆಗಾಲ, ಗುಂಡಿ ತುಂಬಾ ನೀರು. ಗುಂಡಿಯ ಅಂಚಿಗೆ ಚಕ್ರ ಬಡಿಯಿತು. ಟೈರ್ ಉಬ್ಬಿತು. ಆ ಅಳತೆ ಹಾಸನದಲ್ಲಿ ಸಿಗಲಿಲ್ಲ. ಸ್ಟೆಪ್ನಿ ಹಾಕಿಕೊಂಡು ಮೆಲ್ಲಗೆ ಬೆಂಗಳೂರಿಗೆ ಬಂದರು. ಬಂದ ಮೇಲೆ ಗೊತ್ತಾಯಿತು, ಒಂದು ಟೈರ್ ಹಾಕಿಸಿದರೆ ಸಾಲುವುದಿಲ್ಲ. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿಯಲ್ಲಿ ಒಂದು ಟೈರ್ ಹೊಸದು, ಉಳಿದವು ಸವೆದದ್ದು ಅಂದರೆ ಚಕ್ರಗಳು ಬೇರೆ ಬೇರೆ ಲೆಕ್ಕದಲ್ಲಿ ತಿರುಗುತ್ತವೆ, ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್‌ಗೆ ಒತ್ತಡ ಬೀಳುತ್ತದೆ. ಹಾಗಾಗಿ ಜೋಡಿ ಹಾಕಿಸಬೇಕು, ಸವೆತ ಜಾಸ್ತಿ ಇದ್ದರೆ ನಾಲ್ಕೂ ಹಾಕಿಸಬೇಕು. ಒಂದು ಗುಂಡಿಗೆ ನಾಲ್ಕು ಟೈರ್.

ಟೈರ್ ಉಬ್ಬುವುದು ಹೇಗೆ ಗೊತ್ತಾ? ಗುಂಡಿಯ ಚೂಪು ಅಂಚು ಒಂದು ಕಡೆ, ರಿಮ್ಮಿನ ಅಂಚು ಇನ್ನೊಂದು ಕಡೆ. ನಡುವೆ ರಬ್ಬರ್ ಸಿಕ್ಕಿಕೊಂಡು ಚಚ್ಚಿಹೋಗುತ್ತದೆ. ಒಳಗಿನ ನೂಲು ಹರಿಯುತ್ತದೆ. ಆಮೇಲೆ ಗಾಳಿ ಆ ಜಾಗವನ್ನು ಹೊರಕ್ಕೆ ತಳ್ಳುತ್ತದೆ. ಅದನ್ನು ಪಂಕ್ಚರ್ ಅಂಗಡಿಯಲ್ಲಿ ರಿಪೇರಿ ಮಾಡಲು ಆಗುವುದಿಲ್ಲ. ಎಸೆಯಬೇಕು. ಬಡಿದು ಹಾಳಾದ ಟೈರಿಗೆ ಸಾಮಾನ್ಯವಾಗಿ ವಾರಂಟಿಯೂ ಸಿಗುವುದಿಲ್ಲ. ಸೈಡ್‌ವಾಲ್ ಎತ್ತರ ಇದ್ದಿದ್ದರೆ? ರಬ್ಬರ್ ಬಾಗುತ್ತಿತ್ತು, ರಿಮ್ಮಿಗೆ ತಾಗುವ ಮೊದಲೇ ಹೊಡೆತ ಕರಗುತ್ತಿತ್ತು.

ಇಲ್ಲಿಗೆ ಬಂದ ಕೂಡಲೇ ಒಬ್ಬರು ಬರುತ್ತಾರೆ. "ಸಾರ್, ಅದರಲ್ಲಿ ಏರ್ ಸಸ್ಪೆನ್ಷನ್ ಇದೆಯಲ್ಲ." ಗಾಳಿಯ ಒತ್ತಡದಿಂದ ಗಾಡಿಯನ್ನು ಏರಿಸಿ ಇಳಿಸುವ ವ್ಯವಸ್ಥೆ. ಇದೆ. ಬಹಳ ಚೆನ್ನಾಗಿದೆ. ಡಿಫೆಂಡರ್ 110 ಮಾಡೆಲ್‌ನಲ್ಲಿ ಆಫ್‌ರೋಡ್ ಎತ್ತರಕ್ಕೆ ಏರಿಸಿದರೆ ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲಕ್ಕೂ ಗಾಡಿಯ ಹೊಟ್ಟೆಗೂ ನಡುವಿನ ಅಂತರ, 291 ಮಿಲಿಮೀಟರ್. ಆದರೆ ಅದು ಬಾಡಿಯನ್ನು ಎತ್ತುತ್ತದೆ. ಟೈರನ್ನು ಎತ್ತುವುದಿಲ್ಲ! ಗುಂಡಿಗೆ ಮೊದಲು ಇಳಿಯುವುದು ಟೈರ್. ಸಸ್ಪೆನ್ಷನ್‌ಗೆ ಸುದ್ದಿ ಮುಟ್ಟುವಷ್ಟರಲ್ಲಿ ಟೈರ್ ಏಟು ತಿಂದಾಗಿರುತ್ತದೆ. ಇನ್ನೊಬ್ಬರು 900 ಮಿಲಿಮೀಟರ್ ನೀರಲ್ಲಿ ಹೋಗುತ್ತದೆ ಎನ್ನುತ್ತಾರೆ. ಹೋಗುತ್ತದೆ. ಆ ನೀರಿನ ಅಡಿಯಲ್ಲಿ ಯಾವ ಕಲ್ಲಿದೆ ಎಂದು ನಿಮಗೆ ಕಾಣುತ್ತದಾ? ಕಾಣದ ಕಲ್ಲಿಗೆ ಉತ್ತರ ಕೊಡಬೇಕಾದದ್ದು ಟೈರೇ ಅಲ್ವಾ?

ಮಾಂದಲಪಟ್ಟಿಗೆ ಹೋಗಿದ್ದೀರಾ? ಮಡಿಕೇರಿಯಿಂದ ಪ್ರವಾಸಿಗರನ್ನು ಹತ್ತಿಸಿಕೊಂಡು ಹೋಗುವ ಬಾಡಿಗೆ ಜೀಪುಗಳನ್ನು ನೋಡಿ. ಆ ಡ್ರೈವರ್‌ಗಳು ದಿನಾ ಅದೇ ಕಲ್ಲಿನ ಮೇಲೆ ದುಡಿಯುವವರು. ಅವರ ಗಾಡಿಯಲ್ಲಿ ಚಿಕ್ಕ ರಿಮ್, ದಪ್ಪ ಟೈರ್. ಅಲ್ಲಿ ಟೈರ್ ಹೋದರೆ ಅವತ್ತಿನ ದುಡಿಮೆ ಹೋಗುತ್ತದೆ ಎಂಬುದು ಅವರಿಗೆ ಗೊತ್ತು. ಅದಕ್ಕೇ ರಬ್ಬರ್ ಇಟ್ಟುಕೊಂಡಿದ್ದಾರೆ. ಈ ವಿಷಯದಲ್ಲಿ ಷೋರೂಮಿನ ಬ್ರೋಷರ್‌ಗಿಂತ ಆ ಡ್ರೈವರ್ ಮಾತು ನನಗೆ ದೊಡ್ಡದು.

ಹಳೆಯ ಲ್ಯಾಂಡ್ ರೋವರ್ ತೆಗೆದುಕೊಳ್ಳಿ. 1948ರಲ್ಲಿ ಆಮ್‌ಸ್ಟರ್‌ಡ್ಯಾಮ್ ಷೋದಲ್ಲಿ ಬಂದ ಮೊದಲನೆಯದಕ್ಕೂ 16 ಇಂಚು ರಿಮ್. 2016ರ ಜನವರಿಯಲ್ಲಿ ಸೋಲಿಹಲ್ ಕಾರ್ಖಾನೆಯಲ್ಲಿ ಹಳೆಯ ಡಿಫೆಂಡರ್ ತಯಾರಿಕೆ ನಿಲ್ಲಿಸುವವರೆಗೂ 16 ಇಂಚು ರಿಮ್ ಇತ್ತು. 235/85 ಟೈರ್. ಸೈಡ್‌ವಾಲ್ 200 ಮಿಲಿಮೀಟರ್, ಹತ್ತಿರ ಹತ್ತಿರ ಒಂದು ಗೇಣು. ಆಫ್ರಿಕಾ ಸುತ್ತಿದ್ದು ಆ ಗೇಣು ರಬ್ಬರ್ ಮೇಲೆ.

"ಅದು ಹಳೇ ಕಾಲ ಸಾರ್, ಈಗಿನ ಬ್ರೇಕ್ ದೊಡ್ಡದು." ಒಪ್ಪುತ್ತೇನೆ, ಬ್ರೇಕ್ ಕೂರುವುದು ರಿಮ್ ಒಳಗೆ, ದೊಡ್ಡ ಬ್ರೇಕ್ ಬರುವ ಎಂಜಿನ್‌ನ ಗಾಡಿಗೆ 18 ಇಂಚು ಕೂರುವುದಿಲ್ಲ. ಹಾಗಾದರೆ 20ರಲ್ಲಿ ನಿಲ್ಲಿ. 22ಕ್ಕೆ ಯಾಕೆ ಹೋಗುತ್ತೀರಿ? ಡಿಫೆಂಡರ್‌ನಲ್ಲೇ ಆಕ್ಟಾ ಎಂಬ ಮಾಡೆಲ್ ನೋಡಿ. 4.4 ಲೀಟರ್ ವಿ8, 635 ಪಿಎಸ್ ಶಕ್ತಿ, ನಮ್ಮಲ್ಲಿ ಎರಡೂವರೆ ಕೋಟಿಗೂ ಮೇಲೆ. 22 ಇಂಚು ಹಾಕಿದರೆ 250 ಕಿಲೋಮೀಟರ್ ವೇಗಕ್ಕೆ ಹೋಗುವ ಗಾಡಿ ಅದು. ಅದೇ ಗಾಡಿಗೆ ಮಣ್ಣು ಕಲ್ಲಿನ ದಾರಿಗೆ ಆಗುವ ಗಟ್ಟಿ ಟೈರ್ ಬೇಕು ಅಂದರೆ ಕಂಪನಿಯವರು 20 ಇಂಚು ಕೊಡುತ್ತಾರೆ, ವೇಗವನ್ನು 160ಕ್ಕೆ ನಿಲ್ಲಿಸುತ್ತಾರೆ. 90 ಕಿಲೋಮೀಟರ್ ವೇಗವನ್ನು ಬಿಟ್ಟುಕೊಟ್ಟು ರಬ್ಬರ್ ತೆಗೆದುಕೊಂಡರು. ಆ ಗಾಡಿ ಮಾಡಿದವರೇ! ಇನ್ನು ಬ್ರೇಕ್ ಮಾತು ನನ್ನ ಮುಂದೆ ತರಬೇಡಿ.

ಮಧ್ಯದಲ್ಲಿ ಒಂದು ಪ್ರಶ್ನೆ ಪದೇಪದೇ ಬರುತ್ತದೆ, ಉತ್ತರ ಕೊಟ್ಟು ಮುಂದೆ ಹೋಗುತ್ತೇನೆ. ಬ್ರಿಟನ್ ಜೊತೆ 2025ರ ಜುಲೈನಲ್ಲಿ ವ್ಯಾಪಾರ ಒಪ್ಪಂದ ಆಯಿತಲ್ಲ, ಡಿಫೆಂಡರ್ ಅಗ್ಗ ಆಗುತ್ತದಾ, ಕಾಯಬೇಕಾ? ಅದನ್ನು ನಂಬಿ ಕಾಯಬೇಡಿ. ಹೊಸ ಡಿಫೆಂಡರ್ ತಯಾರಾಗುವುದು ಬ್ರಿಟನ್‌ನಲ್ಲಿ ಅಲ್ಲ, ಸ್ಲೊವಾಕಿಯಾದ ನಿಟ್ರಾದಲ್ಲಿ. ಕಂಪನಿ 2008ರಿಂದ ನಮ್ಮ ಟಾಟಾದವರದು, ಹೆಸರು ಬ್ರಿಟಿಷ್, ಗಾಡಿ ಬರುವುದು ಸ್ಲೊವಾಕಿಯಾದಿಂದ. ಹೀಗೆ ದೂರದಿಂದ ಬರುವ ಗಾಡಿ ಹಡಗಲ್ಲಿ, ಯಾರ್ಡಲ್ಲಿ ಸಾಕಷ್ಟು ದಿನ ನಿಂತಿರುತ್ತದೆ. ಹಾಗಾಗಿ ಪೂಜೆ ಮಾಡಿಸಿ ಚಕ್ರದ ಕೆಳಗೆ ನಿಂಬೆಹಣ್ಣು ಇಡಲು ಬಗ್ಗುತ್ತೀರಲ್ಲ, ಆಗಲೇ ಸೈಡ್‌ವಾಲ್ ಮೇಲಿನ ನಾಲ್ಕು ಅಂಕಿ ಓದಿ. 3525 ಎಂದಿದ್ದರೆ 2025ರ 35ನೇ ವಾರ ತಯಾರಾದ ಟೈರ್. ಐದೂ ಟೈರಿನದು ಓದಿ, ಸ್ಟೆಪ್ನಿ ಸೇರಿಸಿ.

ಟೈರ್ ಆಯ್ಕೆ ಬಗ್ಗೆ ನಾವು ಮಾಡಿದ ದೊಡ್ಡ ವಿಡಿಯೋ ಚಾನೆಲ್‌ನಲ್ಲಿದೆ, ಲಿಂಕ್ ಕೆಳಗಿದೆ. ಇನ್ನೂ ಸಬ್‌ಸ್ಕ್ರೈಬ್ ಮಾಡದಿದ್ದರೆ ಈಗಲೇ ಮಾಡಿ. ಕನ್ನಡದಲ್ಲಿ ಇಷ್ಟು ವಿವರವಾಗಿ ಟೈರ್ ಬಗ್ಗೆ ಮಾತಾಡುವ ಚಾನೆಲ್ ಬೆಳೆಯಬೇಕು ಎಂಬುದು ನನ್ನ ಆಸೆ. ನಿಮ್ಮ ಬೆಂಬಲ ಇಲ್ಲದೆ ಆಗುವುದಿಲ್ಲ.

ಸರಿ, ಕೆಸರಿಗೆ ಬನ್ನಿ. ಕಾಫಿ ತೋಟದ ಕೆಂಪು ಮಣ್ಣು, ಜುಲೈ ತಿಂಗಳು. ಅಲ್ಲಿ ಹಿಡಿತ ಬೇಕು ಅಂದರೆ ಗಾಳಿ ಇಳಿಸಬೇಕು. 35 ಪಿಎಸ್‌ಐ ಸುತ್ತ ಇರುವ ಗಾಳಿಯ ಒತ್ತಡವನ್ನು 20ರ ಆಸುಪಾಸಿಗೆ ತಂದರೆ ಟೈರ್ ನೆಲದ ಮೇಲೆ ಉದ್ದಕ್ಕೆ ಹರಡಿಕೊಳ್ಳುತ್ತದೆ, ಬೇರನ್ನೂ ಕಲ್ಲನ್ನೂ ಅಪ್ಪಿಕೊಳ್ಳುತ್ತದೆ. ಟಾರ್ ರಸ್ತೆಗೆ ಬಂದ ಕೂಡಲೇ ಮತ್ತೆ ತುಂಬಿಸಬೇಕು, ಮರೆಯಬೇಡಿ. ಆದರೆ ಅರ್ಧ ಗೇಣು ರಬ್ಬರ್‌ನಲ್ಲಿ ಗಾಳಿ ಇಳಿಸಿದರೆ ಏನಾಗುತ್ತದೆ? ರಿಮ್ ನೆಲಕ್ಕೆ ಬಂದುಬಿಡುತ್ತದೆ. ಗಾಳಿ ಇಳಿಸಲು ಧೈರ್ಯ ಬರುವುದಿಲ್ಲ. ಇಳಿಸದಿದ್ದರೆ ಚಕ್ರ ಜಾರುತ್ತದೆ. ಟೆರೈನ್ ರೆಸ್ಪಾನ್ಸ್, ಅಂದರೆ ನೆಲಕ್ಕೆ ತಕ್ಕಂತೆ ಗಾಡಿಯನ್ನು ಹೊಂದಿಸುವ ಕಂಪ್ಯೂಟರ್, ಅದರ ಸೆಟ್ಟಿಂಗ್ ಬದಲಿಸುತ್ತಾ ಕೂರಬೇಕು. ಕಂಪ್ಯೂಟರ್ ಎಷ್ಟೇ ಬುದ್ಧಿವಂತ ಆಗಿರಲಿ, ಅದರ ಆಜ್ಞೆ ನೆಲ ಮುಟ್ಟುವುದು ಟೈರ್ ಮೂಲಕ. ಚಪ್ಪಲಿ ಜಾರುತ್ತಿದ್ದರೆ ಕಾಲಿನ ಶಕ್ತಿ ಏನು ಮಾಡಬೇಕು ಹೇಳಿ?

"ನಾನು ತೋಟಕ್ಕೆ ಹೋಗಲ್ಲ ಸಾರ್, ಬೆಂಗಳೂರಲ್ಲೇ ಓಡಿಸೋದು." ಬೆಂಗಳೂರಲ್ಲಾ? ಬೆಂಗಳೂರಿಗೆ ಇನ್ನೂ ಜಾಸ್ತಿ ರಬ್ಬರ್ ಬೇಕು ಸ್ವಾಮಿ! ಅಗೆದು ಬಿಟ್ಟ ರಸ್ತೆ, ಎದ್ದು ನಿಂತ ಮ್ಯಾನ್‌ಹೋಲ್ ಮುಚ್ಚಳ, ಮಳೆ ಬಂದರೆ ಗುಂಡಿಯೇ ಕಾಣದ ಅಂಡರ್‌ಪಾಸ್. ಟೈರ್ ಚಚ್ಚಲು ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿದೆ? ಮೈಸೂರು ಹೈವೇಯಲ್ಲಿ 22 ಇಂಚು ತಿರುವಿನಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ ಎಂದು ಕೆಲವರ ವಾದ. ಆ ರಸ್ತೆಯಲ್ಲಿ ತಿರುವೇ ಇಲ್ಲ. ಸುಮ್ನೆ ವಾದ ಮಾಡಬೇಡಿ.

ಇನ್ನು ರೀಸೇಲ್. ಮುಂದೆ ಮಾರುವಾಗ ದೊಡ್ಡ ರಿಮ್‌ಗೆ ಬೆಲೆ ಜಾಸ್ತಿ ಅಂತೆ. ಬಾಗಿದ ರಿಮ್‌ಗೆ ಯಾರು ಕೊಡುತ್ತಾರೆ ಬೆಲೆ? ನನಗೆ ಈ ಮಾತು ಕೇಳಿದರೇ ತಲೆ ಬಿಸಿಯಾಗುತ್ತದೆ. ಇನ್ನೂ ಬುಕ್ ಮಾಡಿಲ್ಲ, ಆಗಲೇ ಮಾರುವ ಯೋಚನೆ. ಓಡಿಸಿ ಸಾರ್! ಬಿಸಿಲೆ ಕಡೆ ಹೋಗಿ, ಚಾರ್ಮಾಡಿ ಇಳಿಯಿರಿ, ಮನೆಯವರನ್ನು ಕರೆದುಕೊಂಡು ಹೋಗಿ. ದಾರಿಯಲ್ಲಿ ರಾತ್ರಿ ಹೊತ್ತು ಮಕ್ಕಳನ್ನು ಕೂರಿಸಿಕೊಂಡು ಮಳೆಯಲ್ಲಿ ಸ್ಟೆಪ್ನಿ ಬಿಚ್ಚುವ ಪರಿಸ್ಥಿತಿ ನಿಮಗೆ ಬರಬಾರದು, ಅದಕ್ಕೇ ಇಷ್ಟು ಕೂಗುತ್ತಿದ್ದೇನೆ.

ಗತ್ತು ಗತ್ತು ಎನ್ನುತ್ತೀರಿ. ನನ್ನ ಕಣ್ಣಿಗೆ ಗತ್ತು ಅಂದರೆ ಕೆಸರು ಮೆತ್ತಿದ ದಪ್ಪ ಟೈರ್. ಇದಕ್ಕೆ ಕಾರಣ ಕೇಳಬೇಡಿ, ಹಾಗೇ ಅನ್ನಿಸುತ್ತದೆ. ಟಾರ್, ಮಣ್ಣು, ಕಲ್ಲು ಎಲ್ಲಕ್ಕೂ ಆಗುವ ಆಲ್ ಟೆರೈನ್ ಟೈರ್, 20 ಇಂಚು ಅಥವಾ ಅದಕ್ಕಿಂತ ಚಿಕ್ಕ ರಿಮ್. ಅಷ್ಟೇ. ಟೈರ್ ಸ್ವಾಮಿ, ಟೈರ್!

ಈ ತಿಂಗಳು ಬುಕ್ ಮಾಡಲು ಹೊರಟವರು ಕೋಟೇಷನ್‌ನಲ್ಲಿ ವೀಲ್ ಎಂದಿರುವ ಸಾಲನ್ನು ಫೋಟೋ ತೆಗೆದು ನಮ್ಮ ಇನ್‌ಸ್ಟಾಗೆ ಕಳಿಸಿ. ಭಾನುವಾರ ರಾತ್ರಿ 8 ಗಂಟೆಗೆ ಲೈವ್ ಬರುತ್ತೇನೆ. ಒಂದೊಂದೇ ಓದಿ, ನಿಮ್ಮ ಎಂಜಿನ್‌ಗೆ ಯಾವ ಅಳತೆ ಕೇಳಬೇಕು ಎಂದು ಹೇಳುತ್ತೇನೆ. ಅಲ್ಲಿಯವರೆಗೆ 22 ಎಂದು ಬರೆದಿರುವ ಯಾವ ಹಾಳೆಗೂ ಸಹಿ ಹಾಕಬೇಡಿ.