ಮೂರನೇ ಸಲ ಮದ್ದು ಸಿಂಪಡಿಸಿದ್ದು ಯಾಕೆ?

ನಮಸ್ಕಾರ ಕೇಳುಗರೇ. ಇವತ್ತು ನನಗೆ ಹೇಳಲಿಕ್ಕೆ ಇರುವುದು ಒಂದೇ ಮಾತು. ಒಂದೇ ಮದ್ದನ್ನು ಮತ್ತೆ ಮತ್ತೆ ಕೊಟ್ಟಾಗ, ಎಷ್ಟು ಸಲ ಕೊಟ್ಟರು ಅಂತ ಎಣಿಸಿದರೆ ಸಾಲದು, ಪ್ರತಿ ಸಲವೂ ಯಾಕೆ ಕೊಟ್ಟರು ಅಂತ ಕೇಳಬೇಕು. ನಾನು ಸಂಖ್ಯಾಶಾಸ್ತ್ರದವನು. ಹೆದರಬೇಡಿ, ಅಡಿಕೆ ತೋಟದಲ್ಲೇ ಮಾತಾಡೋಣ.

ದೀಪಾವಳಿ ಕಳೆದು, ಬದಿಯಡ್ಕ ಕಡೆ ಒಂದು ಪೂಜೆಯ ಊಟ ಮುಗಿಸಿ ಜಗಲಿಯಲ್ಲಿ ಕೂತಿದ್ದೆವು. ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗದ ಮಾತು ಬಂತು. ನಾಲ್ಕು ಜನ ಅಡಿಕೆಯವರು ಸೇರಿದರೆ ಬೇರೇನು ಬರುತ್ತದೆ ಹೇಳಿ. ನಿಮಗೆ ಗೊತ್ತೇ ಇದೆ, ಮಳೆ ಹಿಡಿಯುವ ಮೊದಲು ಒಂದು ಸಲ ಬೋರ್ಡೋ, ಅಂದರೆ ಮೈಲುತುತ್ತು-ಸುಣ್ಣದ ಮದ್ದು, ಬಿಡುವುದು (ಸಿಂಪಡಿಸುವುದು), 40-45 ದಿನ ಬಿಟ್ಟು ಇನ್ನೊಂದು, ಮಳೆ ಬಿಡದಿದ್ದರೆ ಮೂರನೆಯದು. ಹಿರಿಯರೊಬ್ಬರು ಎಲೆಗೆ ಸುಣ್ಣ ಹಚ್ಚುತ್ತಾ, "ಅದೆಲ್ಲ ಸುಮ್ನೆ ಮಾರಾಯ್ರೇ, ನಮ್ಮ ಬೈಲಿನಲ್ಲೇ ನೋಡಿ, ಎರಡು ಸಲ ಬಿಟ್ಟವರಿಗೆ ಒಳ್ಳೆ ಫಸಲು, ಮೂರು ಸಲ ಬಿಟ್ಟವರ ಅಂಗಳದಲ್ಲಿ ಒಣಗಿಸಲಿಕ್ಕೆ ಅಡಿಕೆಯೇ ಇಲ್ಲ" ಎಂದರು. ಎಲ್ಲರೂ ತಲೆ ಆಡಿಸಿದರು. ನನಗೆ ತಡೆಯಲಿಲ್ಲ.

"ಮಾವ, ಆ ಮೂರನೆಯದ್ದು ಬಿಟ್ಟದ್ದು ಯಾಕೆ?"

"ಆಟಿ ತಿಂಗಳ ಮಳೆಯಲ್ಲಿ ಕಾಯಿ ಉದುರಲಿಕ್ಕೆ ಶುರುವಾಯಿತಲ್ಲ, ಅದಕ್ಕೆ."

ಉತ್ತರ ಅವರ ಬಾಯಿಂದಲೇ ಬಂತು, ಅಲ್ವಾ? ರೋಗ ಜಾಸ್ತಿ ಆದದ್ದರಿಂದ ಮದ್ದು ಜಾಸ್ತಿ ಬಿಟ್ಟದ್ದು.

ಅಷ್ಟರಲ್ಲಿ ಅವರ ಅಳಿಯ, ಚುರುಕು ಹುಡುಗ, "ಹಾಗಾದರೆ ಆಟಿಯಲ್ಲಿ ಒಂದೇ ರೀತಿ ಉದುರಿದ ತೋಟಗಳನ್ನು ಮಾತ್ರ ಹೋಲಿಸಿದರಾಯಿತು" ಎಂದ. ಮೂರನೇ ಸಲದ ಮಟ್ಟಿಗೆ ಸರಿಯೇ. ಆದರೆ ಆಟಿಯಲ್ಲಿ ಎಷ್ಟು ಉದುರಿತು ಎಂಬುದಕ್ಕೆ ಮೊದಲ ಸಲದ ಮದ್ದೂ ಕಾರಣ ತಾನೇ? ಅದನ್ನು ಸಮ ಮಾಡಿದರೆ ಆ ಮೊದಲ ಮದ್ದಿನ ಉಪಕಾರವೇ ಲೆಕ್ಕದಿಂದ ಅಳಿಸಿಹೋಗುತ್ತದೆ. ಉದುರಿದ್ದನ್ನು ಲೆಕ್ಕಕ್ಕೆ ಹಿಡಿದರೂ ತಪ್ಪು, ಬಿಟ್ಟರೂ ತಪ್ಪು! ನನಗೆ ಈ ಗಂಟು ಬಹಳ ಇಷ್ಟ, ಅದಕ್ಕೇ ಇಷ್ಟು ಹೊತ್ತು ಹಿಡಿಯಿತು.

ಈ ಗಂಟು ಬಿಡಿಸಿದವರು ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಜೇಮ್ಸ್ ರಾಬಿನ್ಸ್, 1986ರಲ್ಲಿ. ಆಮೇಲೆ 2000ದಲ್ಲಿ ಅವರೂ ಜೊತೆಗಾರರೂ ಎಚ್‌ಐವಿ ಇದ್ದ ಗಂಡಸರ ಲೆಕ್ಕ ನೋಡಿದರು. ಜಿಡೊವುಡಿನ್ ಎಂಬ ಎಚ್‌ಐವಿ ಮದ್ದು ತಕ್ಕೊಂಡವರಲ್ಲಿ ಸಾವಿನ ಪ್ರಮಾಣ, ತಕ್ಕೊಳ್ಳದವರ 3.6 ಪಟ್ಟು! ಶುರುವಿನ ಆರೋಗ್ಯವನ್ನು ಸಮ ಮಾಡಿದರೆ 2.3. ರೋಗ ಎದುರಿಸುವ ಸಿಡಿ4 ರಕ್ತಕಣಗಳು ಇಳಿದವರಿಗೇ ವೈದ್ಯರು ಈ ಮದ್ದು ಕೊಡುತ್ತಿದ್ದದ್ದು ನೋಡಿ. ಪ್ರತಿ ಹಂತದಲ್ಲೂ ಯಾಕೆ ಕೊಟ್ಟರು ಅಂತ ಹಿಡಿದು ಲೆಕ್ಕ ಹಾಕಿದಾಗ 0.7. ಅಂದರೆ ಮದ್ದು ಕಾಪಾಡುತ್ತಿತ್ತು.

ಹೇಗೆ ಮಾಡಿದರು? ಸಮಯ ಮುಗಿಯುತ್ತಾ ಬಂತು, ಅಡಿಕೆ ತೋಟದ ಲೆಕ್ಕದಲ್ಲೇ ಬೇಗ ಹೇಳುತ್ತೇನೆ. ಕಾಯಿ ತುಂಬಾ ಉದುರುತ್ತಿದ್ದರೂ ಮದ್ದು ಬಿಡದವರು ಅಪರೂಪ. ಅಂಥ ತೋಟಕ್ಕೆ ಲೆಕ್ಕದಲ್ಲಿ ಜಾಸ್ತಿ ತೂಕ. ಎಲ್ಲರೂ ಮಾಡುವಂತೆ ಮಾಡಿದವರಿಗೆ ಕಡಿಮೆ ತೂಕ. ಆಗ ಉದುರಿದ್ದು ನೋಡಿ ಮದ್ದು ಬಿಟ್ಟ ನಂಟು ಲೆಕ್ಕದಲ್ಲಿ ಕಳಚುತ್ತದೆ. ಅಷ್ಟೇ.

ಇದಕ್ಕೆ ನಿಮ್ಮ ತೋಟದ ಲೆಕ್ಕದ ಪುಸ್ತಕ ಬೇಕು. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ ಅಂತ ಬರೆಯುತ್ತೀರಿ, ಅದು ನನಗೂ ಬಾಯಿಪಾಠ. ಮದ್ದು ಬಿಡುವ ಮೊದಲು ಎಷ್ಟು ಉದುರಿತ್ತು, ಯಾಕೆ ಬಿಟ್ಟಿರಿ, ಅದನ್ನು ಬರೆಯಿರಿ. ಬಿಡದಿದ್ದರೆ ಯಾಕೆ ಬಿಡಲಿಲ್ಲ ಅಂತಲೂ ಬರೆಯಿರಿ. ಮರ ಹತ್ತುವವರು ಸಿಗದೆ ತಪ್ಪಿಹೋಗಿದ್ದರೆ ಖಂಡಿತ ಬರೆಯಿರಿ. ನಿಮಗೆ ಬೇಸರ ಇರಬಹುದು, ಆದರೆ ನನ್ನ ಲೆಕ್ಕಕ್ಕೆ ಅಂಥ ತೋಟ ಬಂಗಾರ, ಯಾಕೆಂದರೆ ಅಲ್ಲಿ ರೋಗ ನೋಡಿ ನಿರ್ಧಾರ ಮಾಡಿದ್ದಲ್ಲ. ನಮಸ್ಕಾರ.