ಕ್ವಾಂಟಮ್ ವೆಲ್‌ನಲ್ಲಿ ಬೆಳಕಿನ ವೇಗ ತಗ್ಗಿಸುವುದು ಹೇಗೆ?

[ತೆರೆಯ ಮೇಲೆ: 9,600 ಮೀ/ಸೆ · 2 ಗಿಗಾಹರ್ಟ್ಸ್]

2004ರಲ್ಲಿ ಗ್ಯಾಲಿಯಂ ಆರ್ಸೆನೈಡ್ ಕ್ವಾಂಟಮ್ ವೆಲ್‌ಗಳಲ್ಲಿ (ಎಲೆಕ್ಟ್ರಾನ್‌ಗಳನ್ನು ಹಿಡಿದಿಡುವ ಅತಿ ತೆಳು ಸೆಮಿಕಂಡಕ್ಟರ್ ಪದರಗಳಲ್ಲಿ) ಬೆಳಕಿನ ವೇಗ ಸೆಕೆಂಡಿಗೆ 9,600 ಮೀಟರ್‌ಗೆ ಇಳಿದದ್ದು ಪ್ರಯೋಗದಲ್ಲಿ ಕಂಡುಬಂತು. ನಿರ್ವಾತದ ವೇಗಕ್ಕಿಂತ ಮೂವತ್ತು ಸಾವಿರ ಪಟ್ಟಿಗೂ ಹೆಚ್ಚು ನಿಧಾನ! ಆದರೆ ಪಕ್ಕದ 2 ಗಿಗಾಹರ್ಟ್ಸ್, ಅಂದರೆ ಈ ನಿಧಾನಗತಿ ಸಿಗುವ ಆವರ್ತನಗಳ ಪಟ್ಟಿಯ ಅಗಲ ಕೂಡ ಅಷ್ಟೇ ಮುಖ್ಯ. ಏಕೆಂದು ನೋಡೋಣ.

[ಸೂತ್ರ: ಗುಂಪು ವೇಗ = c ÷ (n + ω·dn/dω)]

ಇಲ್ಲಿ ನಿಧಾನವಾಗುವುದು ಬೆಳಕಿನ ಪಲ್ಸ್, ಅದರ ವೇಗವೇ ಗುಂಪು ವೇಗ. ಸೂತ್ರದಲ್ಲಿ c ನಿರ್ವಾತದಲ್ಲಿ ಬೆಳಕಿನ ವೇಗ, ω ಬೆಳಕಿನ ಆವರ್ತನ. ಈ ವಸ್ತುವಿನ ವಕ್ರೀಭವನ ಸೂಚ್ಯಂಕ n ಸುಮಾರು 3.5, ಅದರಿಂದ ವೇಗ ಮೂರೂವರೆ ಪಟ್ಟು ತಗ್ಗುತ್ತದೆ, ಅಷ್ಟೇ. ಉಳಿದದ್ದೆಲ್ಲ dn/dω, ಅಂದರೆ ಆವರ್ತನದೊಂದಿಗೆ n ಎಷ್ಟು ಕಡಿದಾಗಿ ಏರುತ್ತದೆ ಎಂಬುದರ ಕೆಲಸ. ಹೀರಿಕೆಯ ರೇಖೆಯಲ್ಲಿ (ವಸ್ತು ಬೆಳಕನ್ನು ಹೀರುವ ಆವರ್ತನಗಳ ಪಟ್ಟಿಯಲ್ಲಿ) ಕಿರಿದಾದ ತಗ್ಗು ಮೂಡಿಸಿದರೆ ಅದರ ನಡುವೆ n ಕಡಿದಾಗಿ ಏರುತ್ತದೆ.

[ಅನಿಮೇಷನ್: ಎರಡು ಲೇಸರ್ ಕಿರಣಗಳ ಬೀಟ್]

ತಗ್ಗು ಮೂಡಿಸಲು ಎರಡು ಕಿರಣ ಬೇಕು: ಬಲವಾದ ಪಂಪ್, ನಿಧಾನವಾಗಬೇಕಾದ ದುರ್ಬಲ ಪ್ರೋಬ್. ಆವರ್ತನದಲ್ಲಿ ಇವೆರಡಕ್ಕೂ ಇರುವ ಅಲ್ಪ ವ್ಯತ್ಯಾಸದ ತಾಳಕ್ಕೆ ಎಕ್ಸೈಟಾನ್‌ಗಳ (ಬೆಳಕು ಹೀರಿದಾಗ ಹುಟ್ಟುವ, ಎಲೆಕ್ಟ್ರಾನ್ ಮತ್ತು ಅದು ಬಿಟ್ಟ ಖಾಲಿ ಜಾಗದ ಜೋಡಿಗಳ) ಸಂಖ್ಯೆ ಏರಿಳಿಯುತ್ತದೆ. ಆ ಏರಿಳಿತ ಪಂಪ್ ಬೆಳಕಿನ ಒಂದಂಶವನ್ನು ಪ್ರೋಬ್‌ಗೆ ಸೇರಿಸುವುದರಿಂದ ಪ್ರೋಬ್‌ನ ಹೀರಿಕೆ ಕುಗ್ಗುತ್ತದೆ. ಎಕ್ಸೈಟಾನ್ ಆಯುಸ್ಸು ಸುಮಾರು 1 ನ್ಯಾನೋಸೆಕೆಂಡ್. ವ್ಯತ್ಯಾಸ ಗಿಗಾಹರ್ಟ್ಸ್ ಮಟ್ಟ ದಾಟಿದರೆ ಅವು ತಾಳಕ್ಕೆ ಒಗ್ಗುವುದಿಲ್ಲ. ತಗ್ಗಿನ ಅಗಲ ನಿರ್ಧಾರವಾಗುವುದೇ ಹೀಗೆ. ಪಂಪ್ ಹೆಚ್ಚಿಸಿದರೆ ಮೊದಮೊದಲು ತಗ್ಗು ಆಳವಾಗುತ್ತದೆ. ಅತಿಯಾದರೆ ಹೀರಿಕೆಯೇ ಸ್ಯಾಚುರೇಟ್ ಆಗಿ, ತಗ್ಗು ಅಗಲವಾಗಿ ಮಾಸಿಹೋಗುತ್ತದೆ.

ಸ್ಯಾಂಪಲ್ ತಯಾರಿಕೆಯಲ್ಲೂ ತೊಡಕುಗಳಿವೆ. ಅಡಿಯ ಗ್ಯಾಲಿಯಂ ಆರ್ಸೆನೈಡ್ ತಳ ಇದೇ ತರಂಗಾಂತರವನ್ನು ನುಂಗುವುದರಿಂದ ಅದನ್ನು ಎಚ್ಚಿಂಗ್ ಮಾಡಿ (ಕೊರೆದು) ತೆಗೆಯಬೇಕು. ಉಳಿದ ತೆಳು ಪದರವನ್ನು ನೀಲಮಣಿಗೆ ಅಂಟಿಸಿ ತಂಪು ಮಾಡಿದಾಗ ಎರಡರ ಕುಗ್ಗುವಿಕೆ ಬೇರೆಬೇರೆ. ಆ ಒತ್ತಡಕ್ಕೆ ಎಕ್ಸೈಟಾನ್ ರೇಖೆ ಜರುಗುತ್ತದೆ. ಹಾಗಾಗಿ ಲೇಸರನ್ನು ತಂಪಾದ ಮೇಲೆಯೇ ಹೊಂದಿಸಿ. ತಂಪೇಕೆ? ಎಕ್ಸೈಟಾನ್ ಬಂಧನ ಶಕ್ತಿ ಸುಮಾರು 10 ಮಿಲಿ ಎಲೆಕ್ಟ್ರಾನ್ ವೋಲ್ಟ್. ಕೋಣೆಯ ತಾಪಮಾನದಲ್ಲಿ ಉಷ್ಣ ಶಕ್ತಿಯೇ 26, ಅದು ಈ ಜೋಡಿಗಳನ್ನು ಒಡೆಯಬಲ್ಲದು. 10 ಕೆಲ್ವಿನ್‌ನಲ್ಲಿ ಉಷ್ಣ ಶಕ್ತಿ 1ಕ್ಕಿಂತ ಕಡಿಮೆ.

[ಲೆಕ್ಕ ತೆರೆಯ ಮೇಲೆ]

ಈಗ ಆ 2 ಗಿಗಾಹರ್ಟ್ಸ್‌ಗೆ ಬರೋಣ. ಪದರದ ದಪ್ಪ ಅರ್ಧ ಮೈಕ್ರೋಮೀಟರ್ ಎಂದಿಟ್ಟುಕೊಳ್ಳಿ. 9,600 ಮೀಟರ್ ವೇಗದಲ್ಲಿ ದಾಟಲು 52 ಪಿಕೋಸೆಕೆಂಡ್. 2 ಗಿಗಾಹರ್ಟ್ಸ್‌ನಲ್ಲಿ ಹಿಡಿಸುವ ಪಲ್ಸ್‌ನ ಅಗಲ ಸುಮಾರು 220 ಪಿಕೋಸೆಕೆಂಡ್. ಅಂದರೆ ಪಲ್ಸ್ ತಡವಾದದ್ದು ತನ್ನ ಅಗಲದ ಕಾಲು ಭಾಗ ಮಾತ್ರ! ಪದರ ದಪ್ಪ ಮಾಡಿದರೆ ವಿಳಂಬ ಹೆಚ್ಚುತ್ತದೆ, ಆದರೆ ಉಳಿದ ಹೀರಿಕೆಯಲ್ಲಿ ಸಿಗ್ನಲ್ ಕರಗುತ್ತದೆ.

ಕೋಣೆಯ ತಾಪಮಾನಕ್ಕೆ ಸೆಮಿಕಂಡಕ್ಟರ್ ಆಪ್ಟಿಕಲ್ ಆಂಪ್ಲಿಫೈಯರ್ (ಬೆಳಕನ್ನು ವರ್ಧಿಸುವ ಚಿಪ್) ಉತ್ತಮ. ಕರೆಂಟ್ ಏರಿಸಿ ಗೇನ್ (ವರ್ಧನೆ) ಬಂದರೆ ಪಲ್ಸ್ ಮುಂದಾಗುತ್ತದೆ, ರಿವರ್ಸ್ ವೋಲ್ಟೇಜ್ ಕೊಟ್ಟು ಹೀರಿಕೆ ತಂದರೆ ತಡವಾಗುತ್ತದೆ. ಚಿಪ್‌ನ ತಾಪಮಾನ ಮಾತ್ರ ಸ್ಥಿರವಾಗಿರಲಿ.

ಅಳತೆಯಲ್ಲಿ ಒಂದು ಎಚ್ಚರ. ಬಲವಾದ ಪಲ್ಸ್‌ನ ಮುಂಚೂಣಿಯನ್ನಷ್ಟೇ ವಸ್ತು ಹೀರಿಕೊಂಡರೂ ಶಿಖರ ಹಿಂದೆ ಸರಿದಂತೆ ಕಾಣುತ್ತದೆ. ಆದ್ದರಿಂದ ಸಣ್ಣ ಸೈನ್ ಮಾಡ್ಯುಲೇಷನ್ (ಬೆಳಕಿನ ತೀವ್ರತೆಯಲ್ಲಿ ಅಲೆಯಂಥ ಏರಿಳಿತ) ಕೊಟ್ಟು, ನೆಟ್‌ವರ್ಕ್ ಅನಲೈಸರ್ ಎಂಬ ಅಳತೆಯ ಉಪಕರಣದಲ್ಲಿ ಫೇಸ್ (ಅಲೆಯ ಹಂತ), ಆಂಪ್ಲಿಟ್ಯೂಡ್ (ಅಲೆಯ ಎತ್ತರ) ಎರಡನ್ನೂ ದಾಖಲಿಸಿ. ಮಾಡ್ಯುಲೇಷನ್ ಅರ್ಧಕ್ಕಿಳಿಸಿ ಮತ್ತೆ ಅಳೆಯಿರಿ. ಫೇಸ್ ಬದಲಾದರೆ ಸಿಗ್ನಲ್ ಇನ್ನೂ ದೊಡ್ಡದಿದೆ, ಮತ್ತಷ್ಟು ತಗ್ಗಿಸಿ.